ಸರಿಯಾದ ವಿಳಾಸ

ಆಗಸ್ಟ್ 5, 2024, ಸೋಮವಾರ

ಮೇಲಿನ ಮನೆಗೆ ಕೊನೆಗೂ ಒಬ್ಬಳು ಬಂದಳು. ಎರಡು ಸೂಟ್‌ಕೇಸು, ಒಂದು ಬೆನ್ನಿನ ಚೀಲ, ಅಷ್ಟೇ. ಮಂಚ, ಒಲೆ ನಮ್ಮದೇ ಇದೆ. ತಂಗಿಯ ಮಗಳು ಸ್ಪೂರ್ತಿ ಶಿಫಾರಸು ಮಾಡದಿದ್ದರೆ ಪರದೇಶದವಳಿಗೆ ಮನೆ ಕೊಡುವ ಉಸಾಬರಿಗೆ ನಾನು ಹೋಗುತ್ತಲೇ ಇರಲಿಲ್ಲ. ವಯಸ್ಸು ಮೂವತ್ತೊಂದು. ಇಲ್ಲಿನ ಕಾಲೇಜಿನಲ್ಲಿ ಎಂ.ಎ. ಓದಲು ಬಂದಿದ್ದಾಳೆ ಎಂದು ವೀಸಾದಲ್ಲಿದೆ. ಅವಳ ದೇಶದಲ್ಲಿ ಪತ್ರಕರ್ತೆಯಾಗಿದ್ದಳಂತೆ. ಜೈಲಿನಲ್ಲಿ ಸತ್ತವರ ಬಗ್ಗೆ ಬರೆದು ಅಲ್ಲಿನ ಸರ್ಕಾರದ ಕೆಂಗಣ್ಣಿಗೆ ಗುರಿಯಾಗಿದ್ದಾಳೆ, ವಾಪಸು ಹೋದರೆ ಒಳಗೆ ಹಾಕುತ್ತಾರೆ ಎಂದು ಸ್ಪೂರ್ತಿ ಹೇಳಿದಳು. ಈಗಲೂ ಇಲ್ಲಿಂದಲೇ ಬರೆಯುತ್ತಾಳಂತೆ.

ಅದು ಅವಳ ವಿಷಯ. ನೀರು ಪೋಲು ಮಾಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು, ತಾರಸಿಯ ಬಾಗಿಲನ್ನು ಒಂಬತ್ತಕ್ಕೆ ಹಾಕಬೇಕು ಎಂದು ಓದಿ ಹೇಳಿದೆ. ಹುಡುಗಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಅದೊಂದು ಹಿಡಿಸಿತು.

ಆಗಸ್ಟ್ 6, ಮಂಗಳವಾರ

ಪರದೇಶದವರನ್ನು ಮನೆಯಲ್ಲಿಟ್ಟುಕೊಂಡರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಸಿ ಫಾರಂ ತುಂಬಿ ಸರ್ಕಾರಕ್ಕೆ ಆನ್‌ಲೈನಿನಲ್ಲಿ ಕಳಿಸಬೇಕು. ಅವಳನ್ನು ಕೆಳಗೆ ಕರೆದು ಮೊದಲು ಕಾಗದದ ಮೇಲೆ ಬರೆಸಿದೆ. ‘ಸ್ವದೇಶದ ವಿಳಾಸ’ ಎಂಬ ಕಡೆ ಪಾಸ್‌ಪೋರ್ಟಿನಲ್ಲಿದ್ದುದನ್ನೇ ಬರೆದಳು. ಅಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲವಂತೆ. ಮನೆಗೆ ಬೀಗ ಹಾಕಿ, ತಾಯಿ ಬೇರೆ ಊರಿನಲ್ಲಿ ಯಾರಿಗೂ ಗೊತ್ತಾಗದಂತೆ ಇದ್ದಾರಂತೆ.

“ಯಾರೂ ಇಲ್ಲದ ಕಡೆಯ ವಿಳಾಸ ಬರೆದ್ರೆ ಸುಳ್ಳು ಬರೆದ ಹಾಗೆ. ಈಗ ತಾಯಿ ಎಲ್ಲಿದ್ದಾರೋ ಅದನ್ನ ಬರಿ,” ಎಂದೆ.

ಬರೆಯಲು ಹೋಗಿ ಪೆನ್ನು ಎತ್ತಿದಳು. “ಆಂಟಿ, ಇದು ಯಾರ ಕೈಗೂ ಹೋಗಲ್ಲ ತಾನೆ?”

“ಸರ್ಕಾರದ ಫಾರಂ ಕಣಮ್ಮ, ಬೀದಿ ಗೋಡೆ ಅಲ್ಲ.”

ಸಣ್ಣ ಅಕ್ಷರದಲ್ಲಿ ತಾಯಿಯ ವಿಳಾಸ, ಫೋನ್ ನಂಬರು ಬರೆದಳು. ಆ ಕಾಗದದ ಒಂದು ಫೋಟೋ ತೆಗೆದು ನನ್ನ ಫೋನಿನಲ್ಲಿ ಇಟ್ಟುಕೊಂಡೆ. ಜಾಲಹಳ್ಳಿಯ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತಮೂರು ವರ್ಷ ಕೂತವಳು ನಾನು. ಅಳತೆ ತಪ್ಪಿದ ಒಂದು ಬೋಲ್ಟೂ ಶೋಭಾರಾಣಿಯ ಮೇಜು ದಾಟಿ ಹೋಗಿಲ್ಲ ಎಂದು ಬೀಳ್ಕೊಡುಗೆಯ ದಿನ ಮ್ಯಾನೇಜರೇ ಹೇಳಿದ್ದರು.

ನಾವಿಬ್ಬರೂ ಆಡುವುದು ಹರಕು ಹಿಂದಿ, ಮುರುಕು ಇಂಗ್ಲಿಷು. ಇಲ್ಲಿ ನನ್ನ ಭಾಷೆಯಲ್ಲೇ ಬರೆದುಕೊಳ್ಳುತ್ತೇನೆ.

ಆಗಸ್ಟ್ 19, ಸೋಮವಾರ

ಹೂವಿನ ಪಿಳ್ಳಮ್ಮ ಇವತ್ತು ಬಾಡಿಗೆಯವಳಿಗೆ ನಾಮಕರಣ ಮಾಡಿದಳು. ಪಿಳ್ಳಮ್ಮ ಇದೇ ಹಳ್ಳಿಯವಳು. ಈ ಬಡಾವಣೆ ಅವಳ ಮಾವನ ರಾಗಿ ಹೊಲವಾಗಿತ್ತು. ಈಗ ಮೂರು ಮನೆ ಬಾಡಿಗೆಗೆ ಬಿಟ್ಟಿದ್ದಾಳೆ, ಆದರೂ ಬೆಳಿಗ್ಗೆ ಹೂವಿನ ಬುಟ್ಟಿ ಹೊರುವುದನ್ನು ಬಿಟ್ಟಿಲ್ಲ. ಬಿಟ್ಟರೆ ಊರಿನ ಸುದ್ದಿ ಅವಳಿಗೆ ಸಿಗುವುದು ಹೇಗೆ?

“ಅದೇನ್ ಎಸ್ರೋ ತಾಯಿ, ನಾಲ್ಗೆ ತಿರ್ಗಾಕಿಲ್ಲ. ಮುತ್ತಿನಂಗವ್ಳೆ, ಮುತ್ತು ಅಂತ ಕರೀತೀನಿ,” ಎಂದು ಅವಳ ಜಡೆಗೆ ತಾನೇ ಒಂದು ಮೊಳ ಮಲ್ಲಿಗೆ ಮುಡಿಸಿದಳು.

ನಿಜವಾದ ಹೆಸರನ್ನು ಹೊರಗೆ ಯಾರಿಗೂ ಹೇಳಬೇಡಿ ಎಂದು ಅವಳೂ ಕೇಳಿಕೊಂಡಿದ್ದಳು. ಹಾಗಾಗಿ ಇನ್ನು ಮುಂದೆ ಇಲ್ಲಿಯೂ ಮುತ್ತು. ಗ್ಯಾಸ್ ಸಿಲಿಂಡರಿಗೆ, ಪಾರ್ಸೆಲ್ಲುಗಳಿಗೆ ತನ್ನ ನಂಬರಿನ ಬದಲು ನನ್ನ ನಂಬರು ಕೊಡಲೇ ಎಂದು ಕೇಳಿದಳು. ನನಗೆ ಇಷ್ಟವಿರಲಿಲ್ಲ. ಹೂಂ ಅಂದೆ.

ಸೆಪ್ಟೆಂಬರ್ 8, ಭಾನುವಾರ

ನಿನ್ನೆಯ ಕಡುಬು ಉಳಿದಿತ್ತು, ಕೊಡಲು ಮೇಲೆ ಹೋದೆ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿಸಿದ್ದಾಳೆ. ಏಕೆ ಎಂದು ಕೇಳಿದ್ದಕ್ಕೆ ಫೋನ್ ತೆಗೆದು ತೋರಿಸಿದಳು. ಒಂದು ದಿನಕ್ಕೆ ನೂರಾ ನಲವತ್ತು ಮೆಸೇಜು. ಅವಳ ಮುಖವನ್ನು ಯಾರ್ಯಾರದೋ ಮೈಗೆ ಅಂಟಿಸಿದ ಫೋಟೋಗಳು. ಏನೇನು ಮಾಡುತ್ತೇವೆ ಎಂಬ ವರ್ಣನೆ. ಅವಳು ತೋರಿಸಿದ ರೀತಿ ಹೇಗಿತ್ತೆಂದರೆ, ಕರೆಂಟ್ ಬಿಲ್ ತೋರಿಸಿದ ಹಾಗೆ.

ಎರಡು ವರ್ಷದ ಹಿಂದೆ ಅವಳ ಮೇಷ್ಟ್ರು ತೀರಿಕೊಂಡರು ಎಂದು ಒಂದು ಕಾಗದ ಮೇಲ್‌ನಲ್ಲಿ ಬಂತಂತೆ. ತೆರೆದಳು. ಮೇಷ್ಟ್ರು ಗಟ್ಟಿಮುಟ್ಟಾಗಿದ್ದರು. ಆದರೆ ಅವಳ ಮೇಲ್ ಪೂರ್ತಿ ಕಳ್ಳರ ಪಾಲಾಗಿ, ಅವಳಿಗೆ ಸುದ್ದಿ ಕೊಡುತ್ತಿದ್ದ ಒಬ್ಬ ಜೈಲು ಸಿಬ್ಬಂದಿ ಸಿಕ್ಕಿಬಿದ್ದ. “ಆವತ್ತಿಂದ ನನ್ನ ಅಮ್ಮನೇ ಏನಾದ್ರೂ ಕಳಿಸಿದ್ರೂ ಮೊದ್ಲು ಫೋನ್ ಮಾಡಿ ಕೇಳ್ತೀನಿ ಆಂಟಿ, ಆಮೇಲೆ ತೆರೀತೀನಿ.”

ಅತಿಯಾಯಿತು ಅನ್ನಿಸಿತು. ಆದರೆ ಅತಿಯಾದ ಎಚ್ಚರಿಕೆಯಿಂದ ಯಾರಿಗೂ ನಷ್ಟವಾದದ್ದನ್ನು ನಾನು ನೋಡಿಲ್ಲ. ಕಡುಬು ಚೆನ್ನಾಗಿದೆ ಎಂದಳು.

ಸೆಪ್ಟೆಂಬರ್ 30, ಸೋಮವಾರ

ತಾರಸಿಯ ಬಾಗಿಲನ್ನು ಹತ್ತಕ್ಕೆ ಹಾಕಿದಳು. ಏನೂ ಹೇಳಲಿಲ್ಲ. ಸೆಖೆ ಇತ್ತು.

ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ

ನನ್ನ ಹಳೆಯ ಮೈಕ್ರೋಮೀಟರು, ಸ್ಕೂಟರು, ಮಿಕ್ಸಿ, ಈಳಿಗೆಮಣೆ ಸಾಲಾಗಿಟ್ಟು ಪೂಜೆ ಮಾಡುತ್ತಿದ್ದೆ. ಮುತ್ತು ಲ್ಯಾಪ್‌ಟಾಪ್ ತಂದು ಮಿಕ್ಸಿಯ ಪಕ್ಕ ಇಟ್ಟು, “ಇದಕ್ಕೂ ಒಂದು ಬೊಟ್ಟು ಇಡಿ ಆಂಟಿ, ನನ್ನ ಹತ್ರ ಇರೋ ಆಯುಧ ಇದೊಂದೇ,” ಅಂದಳು. ಇಟ್ಟೆ. ಸಂಜೆ ಸ್ಪೂರ್ತಿಯೂ ಬೆಳ್ಳಂದೂರಿನಿಂದ ಬಂದಳು. ಮೂವರೂ ಊಟ ಮಾಡಿದೆವು. ಬಹಳ ದಿನಗಳ ಮೇಲೆ ಮನೆಯಲ್ಲಿ ಒಂದು ಸೇರು ಅಕ್ಕಿ ಬೆಂದಿತು.

ಅಕ್ಟೋಬರ್ 24, ಗುರುವಾರ

ಮಲಕಪ್ಪನ ನಂಬರಿನಿಂದ ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಬಂತು. ನಮ್ಮ ವಿಭಾಗದಲ್ಲಿ ಫಿಟ್ಟರ್ ಆಗಿದ್ದವನು, ಬಾಗಲಕೋಟೆ ಕಡೆಯವನು. ಈಗಲೂ ಪೀಣ್ಯದಲ್ಲೊಂದು ಶೆಡ್ಡಿನಲ್ಲಿ ದುಡಿಯುತ್ತಾನೆ. ಮಗಳು ಭಾಗ್ಯಶ್ರೀಗೆ ಗಂಡು ಗೊತ್ತಾಗಿದೆ ಎಂದು ಹೋದ ತಿಂಗಳೇ ತಿಳಿದಿತ್ತು. ‘ಪತ್ರಿಕೆ ತೆರೆದು ನೋಡಿ, ತಪ್ಪದೆ ಬನ್ನಿ’ ಎಂದು ಬರೆದಿದೆ.

ನನಗೆ ಸಿಟ್ಟು ಬಂತು. ಹದಿನೆಂಟು ವರ್ಷ ಜೊತೆಗೆ ಕೆಲಸ ಮಾಡಿದವನು ಹೆಂಡತಿ ಸಮೇತ ಮನೆಗೆ ಬಂದು, ಕುಂಕುಮವಿಟ್ಟು ಕೈಯಲ್ಲಿ ಪತ್ರಿಕೆ ಕೊಟ್ಟು ಕರೆಯುವುದು ಬಿಟ್ಟು ಫೋನಿನಲ್ಲಿ ಕಳಿಸುತ್ತಾನೆಯೆ? ಮಲಕಪ್ಪ ಹಾಗೆ ಮಾಡುವ ಪೈಕಿ ಅಲ್ಲ. ಹಾಗಂತ ತೆರೆಯದೆ ಇದ್ದರೆ ಶುಭಕಾರ್ಯಕ್ಕೆ ಅಸಡ್ಡೆ ಮಾಡಿದ ಹಾಗೆ. ಒತ್ತಿದೆ. ಅದೇನೋ ಅನುಮತಿ ಕೇಳಿತು, ಕೊಟ್ಟೆ. ಇನ್ನೊಂದು ಕೇಳಿತು, ಅದನ್ನೂ ಕೊಟ್ಟೆ. ಪತ್ರಿಕೆ ಮಾತ್ರ ತೆರೆಯಲಿಲ್ಲ. ನಾಲ್ಕು ಸಲ ಪ್ರಯತ್ನಿಸಿದೆ. ಕೊನೆಗೆ, ‘ಶುಭವಾಗಲಿ. ತೆರೆಯುತ್ತಿಲ್ಲ. ಮನೆಗೆ ಬಂದು ಕೊಡುವುದು ಪದ್ಧತಿ’ ಎಂದು ಬರೆದು ಕಳಿಸಿದೆ.

ಅಕ್ಟೋಬರ್ 26, ಶನಿವಾರ

ಮಲಕಪ್ಪ ಫೋನ್ ಮಾಡಿದ್ದ. “ಮೇಡಮ್ಮಾರ, ನನ್ನ ಫೋನಿನ್ಯಾಗ ಯಾರೋ ಹೊಕ್ಕಾರ್ರಿ. ನಿಮಗ ಒಂದ ಪತ್ರಿಕಿ ಬಂದಿದ್ರ ಅದನ್ನ ಒತ್ತಬ್ಯಾಡ್ರಿ.”

“ಒತ್ತಾಯ್ತಪ್ಪ, ಎರಡು ದಿನ ಆಯ್ತು.”

“ಅಯ್ಯ ಶಿವನ! ರೊಕ್ಕ ಹೋತೇನ್ರಿ?”

ಬ್ಯಾಂಕಿಗೆ ನಾಲ್ಕನೇ ಶನಿವಾರದ ರಜೆ, ಹೊರಗಿನ ಯಂತ್ರದಲ್ಲೇ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದೆ. ಒಂದು ಪೈಸೆ ಅಲುಗಿಲ್ಲ. ನಮ್ಮ ನಿವೃತ್ತರ ಗುಂಪಿನಲ್ಲಿ ಇನ್ನು ಯಾರಿಗೆಲ್ಲ ಹೋಗಿದೆ ಎಂದು ಮಲಕಪ್ಪನನ್ನು ಕೇಳಿದರೆ, “ಎಲ್ಲಾರಿಗೂ ಕೇಳೀನ್ರಿ. ಯಾರಿಗೂ ಹೋಗಿಲ್ಲ. ನಿಮಗೊಬ್ಬರಿಗೇ ಹೋಗೇತಿ,” ಅಂದ. ವಿಚಿತ್ರ. ಹಣ ಹೋಗಿಲ್ಲವಾದ್ದರಿಂದ ಆ ವಿಷಯ ಅಲ್ಲಿಗೆ ಮುಗಿಯಿತು. ಮುತ್ತುವಿಗೆ ಹೇಳಲಿಲ್ಲ, ಸುಮ್ಮನೆ ಗಾಬರಿಯಾಗುತ್ತಾಳೆ. ಸ್ಪೂರ್ತಿಗೂ ಹೇಳಲಿಲ್ಲ. ಹೇಳಿದರೆ ಸಂಕ್ರಾಂತಿಯವರೆಗೂ ಆಡಿಕೊಂಡು ನಗುತ್ತಾಳೆ.

ನವೆಂಬರ್ 4, ಸೋಮವಾರ

ಬೆಳಿಗ್ಗೆ ಏಳಕ್ಕೆ ಮುತ್ತು ಕೆಳಗಿಳಿದು ಬಂದಳು. ಚಪ್ಪಲಿ ಇಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ಒಂದು ಹಸಿರು ಬಾಗಿಲು, ಹೊರಗೆ ಒಂದು ಜೊತೆ ಹೆಂಗಸರ ಚಪ್ಪಲಿ. ಕೆಳಗೆ ಅವಳ ಭಾಷೆಯಲ್ಲಿ ಏನೋ ಬರೆದಿತ್ತು.

“ನಮ್ಮಮ್ಮನ ಮನೆ ಬಾಗಿಲು ಆಂಟಿ. ‘ನಿಮ್ಮ ತಾಯಿಗೆ ಮಂಡಿ ನೋವು, ಪಾಪ, ಮೂರು ಮಹಡಿ ಹತ್ತಿ ಇಳಿಯಬೇಕು, ಜಾರಿ ಬಿದ್ದಾರು, ನೀನು ಬರೆಯೋದು ನಿಲ್ಲಿಸು’ ಅಂತ ಬರೆದಿದ್ದಾರೆ.”

ಆ ವಿಳಾಸ ಯಾರಿಗೆ ಗೊತ್ತಿತ್ತು ಎಂದು ಕೇಳಿದೆ.

“ನನಗೆ, ಅಮ್ಮನಿಗೆ. ಇನ್ನೊಬ್ಬರು ನನ್ನ ಸಂಪಾದಕರು. ಆ ಮನೆ ಹುಡುಕಿಕೊಟ್ಟಿದ್ದೇ ಅವರು.” ಸಂಪಾದಕರೂ ದೇಶ ಬಿಟ್ಟವರೇ, ಇನ್ನೆಲ್ಲೋ ಇದ್ದಾರೆ. ಆರು ವರ್ಷದಿಂದ ಇವಳು ಬರೆದದ್ದನ್ನೆಲ್ಲ ಪ್ರಕಟಿಸಿದವರು. “ಅವರೇ ಹೇಳಿದ್ದಾರೆ. ಹೆದರಿಸಿರ್ಬೇಕು, ಇಲ್ಲ ಕೊಂಡುಕೊಂಡಿರ್ಬೇಕು,” ಅಂದಳು.

ನನ್ನನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಿ ಫಾರಂ ಅವಳಿಗೆ ನೆನಪಿರಲಿಲ್ಲ. ನನಗೆ ನೆನಪಿತ್ತು. ಕಾಫಿ ಮಾಡಿಕೊಟ್ಟೆ.

ನವೆಂಬರ್ 5, ಮಂಗಳವಾರ

ಖಚಿತವಾಗದೆ ಯಾವುದನ್ನೂ ರಿಜೆಕ್ಟ್ ಮಾಡಬಾರದು ಎಂಬುದು ನಮ್ಮ ವಿಭಾಗದ ನಿಯಮ. ಸ್ಪೂರ್ತಿಗೆ ಫೋನ್ ಮಾಡಿದೆ. ಅವಳ ಕೆಲಸವೇ ಕಂಪನಿಗಳ ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ಕಾಯುವುದು. ನನ್ನ ಪರಿಚಯದವರೊಬ್ಬರು ಹೀಗೊಂದು ಮದುವೆ ಪತ್ರಿಕೆ ಒತ್ತಿದ್ದಾರೆ, ಆದರೆ ಹಣ ಹೋಗಿಲ್ಲ, ಗಾಬರಿ ಇಲ್ಲ ತಾನೆ ಎಂದು ಕೇಳಿದೆ.

“ಹಣ ಮುಟ್ಟಿಲ್ಲ ಅಂದ್ರೆ ಹಣಕ್ಕೆ ಬಂದಿಲ್ಲ ಅಂತ ಅರ್ಥ ದೊಡ್ಡಮ್ಮ. ಅದು ಪತ್ರಿಕೆ ಅಲ್ಲ, ಆಪ್. ಫೋನಲ್ಲಿರೋ ಫೋಟೋ, ಮೆಸೇಜು, ನಂಬರು ಎಲ್ಲಾ ಎತ್ಕೊಂಡು ಹೋಗುತ್ತೆ. ಒಬ್ಬರಿಗೇ ಅಂತ ಕಳಿಸಿದ್ರೆ ಇನ್ನೂ ಕೆಟ್ಟದ್ದು. ಅವರ ಹತ್ರ ಬೇಕಾದ್ದೇನೋ ಇದೆ ಅಂತ ಗೊತ್ತಿದ್ದೇ, ಅವರು ನಂಬೋರು ಯಾರು ಅಂತ ನೋಡ್ಕೊಂಡು ಕಳಿಸಿರ್ತಾರೆ. ಯಾರಿಗೆ ಬಂದಿದ್ದು?”

“ನಿನಗೆ ಗೊತ್ತಿಲ್ಲದವರು ಬಿಡು.”

ಮುತ್ತುವಿನ ಪಾರ್ಸೆಲ್ಲುಗಳಿಗೆ ಕೊಟ್ಟದ್ದು ನನ್ನ ನಂಬರು, ಸಿ ಫಾರಂ ಕಾಗದದ ಫೋಟೋ ಇದ್ದದ್ದೂ ನನ್ನ ಫೋನಿನಲ್ಲೇ. ಬೇರೆ ದಾರಿ ಹುಡುಕಬೇಕಾಗಿಲ್ಲ. ಖಚಿತವಾಯಿತು.

ಫೋನ್ ಆರಿಸಿ ಬೀರುವಿನಲ್ಲಿಟ್ಟೆ. ಬ್ಯಾಟರಿ ಹೋಯಿತು ಎಂದು ಎಲ್ಲರಿಗೂ ಹೇಳಿ ಹೊಸ ಫೋನು ತಂದು ಹಳೆಯ ಸಿಮ್ ಹಾಕಿಸಿದೆ. ಮುತ್ತು ತಾನೇ ಕೂತು ಅದಕ್ಕೆ ಎಲ್ಲ ಭದ್ರತೆ ಮಾಡಿಕೊಟ್ಟಳು. “ಈಗ ನಿಮ್ಮ ಫೋನ್ ಕೋಟೆ ಆಂಟಿ,” ಅಂದಳು. ಸರಿಯಾದ ಸಮಯ ನೋಡಿ ಹೇಳಿದರಾಯಿತು. ಈಗ ಅವಳ ತಲೆ ಕೆಟ್ಟಿದೆ.

ನವೆಂಬರ್ 7, ಗುರುವಾರ

ಸಾರು ಕೊಡಲು ಹೋದಾಗ ಮುತ್ತು ಫೋನಿನಲ್ಲಿ ಕೂಗಾಡುತ್ತಿದ್ದಳು. ಇಷ್ಟು ದಿನದಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು. ಫೋನ್ ಇಟ್ಟು ಹೇಳಿದಳು. ತಾಯಿಯನ್ನು ಗಡಿ ದಾಟಿಸಲು ಕಾರು ಕಳಿಸುತ್ತೇನೆ ಎಂದು ಸಂಪಾದಕರು ಹೇಳಿದರಂತೆ. “ವಿಳಾಸ ಮಾರಿದವರ ಕಾರಲ್ಲಿ ನಮ್ಮಮ್ಮನ್ನ ಕೂರಿಸಬೇಕಾ? ಆಗಲ್ಲ ಅಂದೆ. ಅಮ್ಮ ಒಬ್ಬಳೇ ಬಸ್ಸಲ್ಲಿ ಚಿಕ್ಕಮ್ಮನ ಊರಿಗೆ ಹೋಗ್ತಾಳೆ.”

ಹೇಳಬೇಕೆಂದು ಬಾಯಿ ತೆರೆದೆ. ಸಾರು ಆರಿಹೋಗುತ್ತಿತ್ತು. ಮೊದಲು ಊಟ ಮಾಡು ಎಂದು ಹೇಳಿ ಇಳಿದು ಬಂದೆ.

ಸಂಪಾದಕರಿಗೆ ನಾಲ್ಕು ಮಾತು ಬಿದ್ದವು, ಅಷ್ಟೇ ತಾನೆ. ದೊಡ್ಡ ಮನುಷ್ಯರು, ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

ನವೆಂಬರ್ 9, ಶನಿವಾರ

ತಾಯಿ ಸೋಮವಾರ ಹೊರಡುತ್ತಾರಂತೆ. ಅವರು ಚಿಕ್ಕಮ್ಮನ ಊರು ಮುಟ್ಟಲಿ, ಮುತ್ತುವಿಗೆ ಸಮಾಧಾನವಾಗಲಿ, ಆಮೇಲೆ ಹೇಳುತ್ತೇನೆ. ಆಗ ಹೇಳಿದರೆ ಅವಳಿಗೂ ಸುಲಭ.

ನವೆಂಬರ್ 10, ಭಾನುವಾರ

ಏನೂ ಇಲ್ಲ.

ನವೆಂಬರ್ 12, ಮಂಗಳವಾರ

ತಾಯಿಯನ್ನು ನಿನ್ನೆ ಬಸ್ ನಿಲ್ದಾಣದಲ್ಲೇ ಹಿಡಿದುಕೊಂಡು ಹೋಗಿದ್ದಾರೆ. ಚಿಕ್ಕಮ್ಮ ಕಾದು ಕಾದು, ಇವತ್ತು ವಿಚಾರಿಸಿದಾಗ ತಿಳಿಯಿತು.

ಮುತ್ತು ಬೆಳಿಗ್ಗೆಯಿಂದ ನಮ್ಮ ಮೆಟ್ಟಿಲಿನ ಮೇಲೆ ಕೂತಿದ್ದಾಳೆ. ಪಿಳ್ಳಮ್ಮ ಬುಟ್ಟಿ ಇಳಿಸಿ, “ಯಾಕ್ ಮೇಡಮ್ಮ, ಮುತ್ತಮ್ಮ ಇಂಗ್ ಕುಂತವ್ಳೆ? ಯಾರ್ ಏನಂದ್ರು?” ಎಂದು ನನ್ನನ್ನು ಕೇಳಿದಳು. ಹುಷಾರಿಲ್ಲ ಅಂದೆ. ಈಚೆಗೆ ಈ ಥರದ್ದು ಬಾಯಿಗೆ ಸಲೀಸಾಗಿ ಬರುತ್ತಿದೆ.

ಪಿಳ್ಳಮ್ಮ ಅವಳ ಪಕ್ಕ ಕೂತು ಅರ್ಧ ಗಂಟೆ ಹೂವು ಕಟ್ಟಿದಳು. ನಾನು ಒಳಗಿನ ಕೆಲಸ ನೋಡಿಕೊಂಡೆ. ಕೆಲಸ ಏನೂ ಇರಲಿಲ್ಲ.

ನವೆಂಬರ್ 13, ಬುಧವಾರ

ಮಧ್ಯಾಹ್ನ ಬಿಟ್ಟರಂತೆ. ಎರಡು ಹಗಲು, ಎರಡು ರಾತ್ರಿ ಬೆಂಚಿನ ಮೇಲೆ ಕೂರಿಸಿದ್ದರಂತೆ. ಅರವತ್ತಾರು ವರ್ಷದ ಹೆಂಗಸು, ಮಂಡಿ ಊದಿ ನಡೆಯಲಾಗುತ್ತಿಲ್ಲ. ಮಗಳಿಗೆ ಬುದ್ಧಿ ಹೇಳು ಎಂದು ಹಸಿರು ಬಾಗಿಲ ಮನೆಗೇ ವಾಪಸು ಬಿಟ್ಟು, ಕೆಳಗೆ ಇಬ್ಬರನ್ನು ಕಾವಲಿಗೆ ನಿಲ್ಲಿಸಿದ್ದಾರೆ. ಸಂಪಾದಕರ ಕಾರಿನಲ್ಲಿ ಹೋಗಿದ್ದರೆ ಅವರು ಶುಕ್ರವಾರವೇ ಗಡಿಯಾಚೆ ಇರುತ್ತಿದ್ದರು.

ಬೀರುವಿನಿಂದ ಹಳೆಯ ಫೋನ್ ತೆಗೆದುಕೊಂಡು ಮೇಲೆ ಹೋದೆ. ಅವಳ ಮೇಜಿನ ಮೇಲಿಟ್ಟೆ. ಇನ್‌ಸ್ಪೆಕ್ಷನ್ ರಿಪೋರ್ಟು ಒಪ್ಪಿಸುವ ಹಾಗೆ ಹೇಳಿದೆ. ಅಕ್ಟೋಬರ್ ಇಪ್ಪತ್ತನಾಲ್ಕು, ಮಲಕಪ್ಪನ ಹೆಸರಿನಲ್ಲಿ ಪತ್ರಿಕೆ, ನಾಲ್ಕು ಸಲ ಒತ್ತಿದ್ದು, ಸಿ ಫಾರಮಿನ ಫೋಟೋ, ಅದರಲ್ಲಿದ್ದ ವಿಳಾಸ, ಅದನ್ನು ಹಠ ಹಿಡಿದು ಬರೆಸಿದವಳು ನಾನು. ನಿಮ್ಮ ಸಂಪಾದಕರದ್ದು ಏನೂ ತಪ್ಪಿಲ್ಲ.

ಮುತ್ತು ಫೋನನ್ನು ಮುಟ್ಟಲಿಲ್ಲ. “ಯಾವತ್ತು ಗೊತ್ತಾಯ್ತು ಆಂಟಿ?”

“ಐದನೇ ತಾರೀಕು.”

“ಇವತ್ತು?”

“ಹದಿಮೂರು.”

ಕಿಟಕಿಯ ಕಡೆ ತಿರುಗಿದಳು. “ಪತ್ರಿಕೆ ಒತ್ತಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನೂ ಒತ್ತಿದವಳೇ, ನನ್ನಿಂದಲೂ ಒಬ್ಬ ಮನುಷ್ಯ ಜೈಲಿಗೆ ಹೋದ. ಆದ್ರೆ ಆಂಟಿ, ಈ ಎಂಟು ದಿನ...” ನನಗೆ ಭಯವಾಗಿತ್ತು ಎಂದು ನಾನು ಹೇಳಲಿಲ್ಲ. ನೀನು ಮನೆ ಬಿಟ್ಟು ಹೋಗುತ್ತೀಯ ಎಂದು ಭಯವಾಗಿತ್ತು. ಇಲ್ಲಿ ಬರೆಯಬಹುದು.

ಅಲ್ಲೇ ನನ್ನೆದುರಿಗೇ ಸಂಪಾದಕರಿಗೆ ಫೋನ್ ಮಾಡಿದಳು. ಆಚೆಯವರು ತಕ್ಷಣ ಎತ್ತಿದರು. ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು, ಅತ್ತಳು. ನನಗೆ ತಿಳಿದದ್ದು ಒಂದೇ ಪದ, ‘ಆಂಟಿ’. ಅದು ಎರಡು ಸಲ ಬಂತು. ಹೋಗು ಎಂದು ಅವಳು ಹೇಳಲಿಲ್ಲವಾದ್ದರಿಂದ ಮುಗಿಯುವವರೆಗೂ ನಿಂತಿದ್ದೆ.

ನವೆಂಬರ್ 17, ಭಾನುವಾರ

ಮುತ್ತು ಹೋದಳು. ತಾಯಿಯನ್ನು ಸಂಪಾದಕರ ಕಡೆಯವರು ಶುಕ್ರವಾರ ಆಸ್ಪತ್ರೆಗೆಂದು ಕರೆದುಕೊಂಡು ಹೋಗಿ, ಅಲ್ಲಿನ ಹಿಂದಿನ ಬಾಗಿಲಿನಿಂದ ಹೊರಡಿಸಿ ಗಡಿ ದಾಟಿಸಿದರಂತೆ. ಈಗ ಇವಳೂ ಅಲ್ಲಿಗೇ ಹೋಗಬೇಕು. ಇಲ್ಲಿ ಇನ್ನು ಇರುವಂತಿಲ್ಲ, ಈ ವಿಳಾಸವೂ ಅವರ ಕೈಯಲ್ಲಿದೆ.

ಸೂಟ್‌ಕೇಸುಗಳನ್ನು ಕ್ಯಾಬಿಗೆ ಹಾಕಿ ವಾಪಸು ಬಂದಳು. ಏನೋ ಹೇಳಲು ಹೊರಟಳು. “ಬೇಡ ಕಣಮ್ಮ, ಎಲ್ಲಿಗೆ ಅಂತ ನನಗೆ ಹೇಳಬೇಡ,” ಎಂದು ತಡೆದೆ.

“ಅದನ್ನ ಹೇಳೋಕೆ ಬಂದಿಲ್ಲ ಆಂಟಿ.” ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. “ನಾನು ನಿಮಗೆ ಯಾವತ್ತೂ ಬರೆಯಲ್ಲ, ಫೋನ್ ಮಾಡಲ್ಲ. ನನ್ನ ಹೆಸರಲ್ಲಿ ಏನೇ ಬಂದ್ರೂ ಅದು ನಾನಲ್ಲ. ಅಷ್ಟು ನೆನಪಿಟ್ಕೊಳಿ.”

ಬೀಗದ ಕೈ ಕೊಟ್ಟಳು. ಒಂದು ಕ್ಷಣ ನನ್ನ ಕೈ ಹಿಡಿದುಕೊಂಡಳೋ, ಅಥವಾ ಬೀಗದ ಕೈ ಕೊಡುವಾಗ ಹಾಗಾಯಿತೋ. ಸರಿಯಾಗಿ ಹೇಳಲಾರೆ.

ನವೆಂಬರ್ 18, ಸೋಮವಾರ

ಅವಳು ಮನೆ ಬಿಟ್ಟದ್ದನ್ನು ಸರ್ಕಾರಕ್ಕೆ ತಿಳಿಸಿದೆ. ಮುಂದೆ ಎಲ್ಲಿಗೆ ಎಂಬ ಕಡೆ ‘ತಿಳಿದಿಲ್ಲ’ ಎಂದು ಬರೆದೆ. ಅದು ನಿಜ.

ಮಲಕಪ್ಪ ಹೆಂಡತಿಯೊಂದಿಗೆ ಬಂದು ಪತ್ರಿಕೆ ಕೊಟ್ಟ. “ಮ್ಯಾಲಿನ ಮನಿ ಖಾಲಿ ಆತೇನ್ರಿ?” ಎಂದು ಕೇಳಿದ. ಓದು ಮುಗಿಯಿತು, ಹೋದಳು ಅಂದೆ.

ನವೆಂಬರ್ 29, ಶುಕ್ರವಾರ

ನೀಟಾಗಿ ಇಸ್ತ್ರಿ ಮಾಡಿದ ಶರ್ಟಿನವನೊಬ್ಬ ಮನೆ ನೋಡಲು ಬಂದ. ಬಾಡಿಗೆ ಎಷ್ಟು ಎಂದು ಕೇಳಲೇ ಇಲ್ಲ. ಮುಂಚೆ ಇದ್ದ ಮೇಡಂ ಯಾವ ಕಡೆ ಹೋದರು ಎಂದು ಮೂರು ಥರ ಸುತ್ತಿ ಬಳಸಿ ಕೇಳಿದ. ಹುಬ್ಬಳ್ಳಿ ಹುಡುಗನನ್ನು ಮದುವೆಯಾಗಿ ಅಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದಾಳೆ, ಅತ್ತೆ ಸ್ವಲ್ಪ ಜೋರು ಎಂದು ಹೇಳಿ ಮಜ್ಜಿಗೆ ಕೊಟ್ಟು ಕಳಿಸಿದೆ. ಮಲ್ಲಿಗೆ ಬೆಲೆ ಏರಿದೆ.

ಡಿಸೆಂಬರ್ 11, ಬುಧವಾರ

ಗೊತ್ತಿಲ್ಲದ ನಂಬರಿನಿಂದ ಇಂಗ್ಲಿಷಿನಲ್ಲಿ ಮೆಸೇಜು. ‘ಆಂಟಿ, ನಾನು ಮುತ್ತು. ಇದು ನನ್ನ ಹೊಸ ನಂಬರು. ನನ್ನ ಮನೆ ಫೋಟೋ ಕಳಿಸಿದ್ದೀನಿ, ನೋಡಿ.’ ಆ ಹೆಸರು ಅವರಿಗೆ ನನ್ನ ಹಳೆಯ ಫೋನಿನಿಂದಲೇ ಸಿಕ್ಕಿರಬೇಕು.

ಫೋಟೋ ಮುಟ್ಟಲಿಲ್ಲ. ಸ್ಪೂರ್ತಿಗೆ ಈಗ ಎಲ್ಲವನ್ನೂ ಹೇಳಿದ್ದೇನೆ. ಅವಳು ನಗಲಿಲ್ಲ. ಬ್ಲಾಕ್ ಮಾಡಿ ದೊಡ್ಡಮ್ಮ ಅಂದಳು. ಸರಿ ಅಂದೆ. ಮಾಡಲಿಲ್ಲ.

ಡಿಸೆಂಬರ್ 18, ಬುಧವಾರ

ಮತ್ತೆ ಬಂತು. ‘ಆಂಟಿ, ನಿಮಗೆ ನನ್ನ ಮೇಲೆ ಕೋಪವೇ? ಕಷ್ಟದಲ್ಲಿದ್ದೀನಿ.’

ನನಗೆ ಸಿಟ್ಟು ಬರಬೇಕಿತ್ತು. ಬೆಳಿಗ್ಗೆಯೆಲ್ಲ ಯೋಚಿಸಿದೆ. ಅವಳು ಇವರ ಕೈಗೆ ಸಿಕ್ಕಿದ್ದರೆ ಈ ಮುದುಕಿಯ ಹಿಂದೆ ಇವರೇಕೆ ಬೀಳುತ್ತಿದ್ದರು? ಹುಡುಕುತ್ತಿದ್ದಾರೆ ಎಂದರೆ ಸಿಕ್ಕಿಲ್ಲ. ಮಧ್ಯಾಹ್ನ ಶಾವಿಗೆ ಪಾಯಸ ಮಾಡಿಕೊಂಡೆ. ಪಿಳ್ಳಮ್ಮನಿಗೂ ಒಂದು ಲೋಟ ಕೊಟ್ಟೆ. “ಏನ್ ಇಸೇಸ ಮೇಡಮ್ಮ?” ಅಂದಳು. ಏನಿಲ್ಲ, ಒಂದು ಕಾಗದ ಬಂತು ಅಂದೆ.

ಡಿಸೆಂಬರ್ 27, ಶುಕ್ರವಾರ

ಈ ಸಲ ಬೈಗುಳ. ಮನೆಗೆ ಬೆಂಕಿ ಹಾಕುತ್ತಾರಂತೆ. ಸದ್ಯ, ಇನ್ನೂ ಸಿಕ್ಕಿಲ್ಲ.

ಜನವರಿ 20, 2025, ಸೋಮವಾರ

ಇಪ್ಪತ್ತನಾಲ್ಕು ದಿನವಾಯಿತು. ಒಂದೂ ಇಲ್ಲ. ಫೋನ್ ಕೆಟ್ಟಿದೆಯೇ ಎಂದು ಸ್ಪೂರ್ತಿಯಿಂದ ಒಂದು ಮೆಸೇಜು ಹಾಕಿಸಿ ನೋಡಿದೆ. ಕೆಟ್ಟಿಲ್ಲ.

ಎರಡರಲ್ಲಿ ಒಂದು. ಇವರು ಬೇಸತ್ತು ಬಿಟ್ಟಿದ್ದಾರೆ. ಇಲ್ಲವೇ ಅವಳು ಸಿಕ್ಕಿದ್ದಾಳೆ. ತಿಳಿಯುವ ದಾರಿಯನ್ನು ಅವಳೇ ಮುಚ್ಚಿ ಹೋಗಿದ್ದಾಳೆ, ಸರಿಯಾಗಿಯೇ ಮುಚ್ಚಿದ್ದಾಳೆ. ಹಾಲಿನವನ ಮೆಸೇಜು ಬಂದರೂ ಓಡಿಹೋಗಿ ನೋಡುತ್ತೇನೆ. ಊಟ ಸೇರುತ್ತಿಲ್ಲ.

ಮೇಲಿನ ಮನೆ ಕೇಳಿಕೊಂಡು ಬಂದವರಿಗೆ ರಿಪೇರಿ ಇದೆ ಎಂದು ಹೇಳುತ್ತಿದ್ದೇನೆ. ಇವತ್ತು ಹೋಗಿ ಕಸ ಗುಡಿಸಿ, ತಾರಸಿಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ.

ಜನವರಿ 23, ಗುರುವಾರ

ಸುಮ್ಮನೆ ಕೂತು ನೋಡಿದರೆ ಬೋಲ್ಟಿನ ಅಳತೆ ತಿಳಿಯುವುದಿಲ್ಲ, ಗೇಜಿನೊಳಗೆ ಹಾಕಬೇಕು.

ಬೆಳಿಗ್ಗೆ ಹತ್ತಕ್ಕೆ ಆ ನಂಬರಿಗೆ ನಾನೇ ಬರೆದೆ. ‘ಮುತ್ತು, ನಿನ್ನ ಹೊಸ ಅಡ್ರೆಸ್ಸಿಗೆ ಮಾವಿನಕಾಯಿ ಉಪ್ಪಿನಕಾಯಿ ಪಾರ್ಸೆಲ್ ಕಳಿಸಿದ್ದೆ. ತಲುಪಿತಾ?’

ಅವಳು ಇವರಿಗೆ ಸಿಕ್ಕಿದ್ದರೆ ಉಪ್ಪಿನಕಾಯಿಯ ಹಂಗು ಇವರಿಗಿಲ್ಲ. ಉತ್ತರ ಬರುವುದಿಲ್ಲ. ಫೋನನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ಹುರುಳಿಕಾಯಿ ಸೋಸಲು ಕೂತೆ. ಹತ್ತೂಕಾಲು. ಹತ್ತೂವರೆ. ಸೋಸಿದ ಕಾಯಿಯನ್ನೇ ಮತ್ತೆ ಸೋಸುತ್ತಿದ್ದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಂತು.

‘ಇನ್ನೂ ತಲುಪಿಲ್ಲ ಆಂಟಿ. ಯಾವ ಅಡ್ರೆಸ್ಸಿಗೆ ಕಳಿಸಿದ್ರಿ? ಒಮ್ಮೆ ಪೂರ್ತಿ ಬರೆದು ಕಳಿಸಿ, ಪ್ಲೀಸ್.’

ಸಿಕ್ಕಿಲ್ಲ. ಇಷ್ಟು ದಿನವಾದರೂ ನನ್ನ ಮುತ್ತು ಇವರಿಗೆ ಸಿಕ್ಕಿಲ್ಲ.

ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮುಖ ತೊಳೆದು ಬಂದು, ಕನ್ನಡಕ ಹಾಕಿಕೊಂಡು ಉತ್ತರ ಬರೆದೆ. ‘ಅಡ್ರೆಸ್ ಬರೆದ ಚೀಟಿ ಇಲ್ಲೇ ಎಲ್ಲೋ ಇಟ್ಟಿದ್ದೀನಿ ಕಣಮ್ಮ. ವಯಸ್ಸಾಯ್ತು ನೋಡು. ಹುಡುಕಿ ಹೇಳ್ತೀನಿ, ಇರು.’

ತಕ್ಷಣ ಬಂತು: ‘ಆಯ್ತು ಆಂಟಿ, ಕಾಯ್ತಿರ್ತೀನಿ.’

ಕಾಯಲಿ. ನನಗೇನೂ ಅವಸರವಿಲ್ಲ.